ಅಕ್ಕನ ಡಿ ಡ್ರೈವ್

ಬೀದಿಯವರು ಅವನಿಗೆ ಸಮಪಾಲಣ್ಣ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಒಂದು ಬಿಸ್ಕತ್ತು ಸಿಕ್ಕರೂ ಎರಡು ತುಂಡು ಮಾಡಿ, ಬೆಳಕಿಗೆ ಹಿಡಿದು, ಅಳೆದು ಕೊಡುವ ಆಸಾಮಿ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎಂಬುದು ಅವನಿಂದ ಆಗದ ಕೆಲಸ. ಅವನ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲೂ ಅದೇ ಚಾಳಿ. ಯಾರ ಹಾರ್ಡ್ ಡಿಸ್ಕ್ ಬಂದರೂ ಸರಿಯಾಗಿ ಎರಡು ಪಾಲು: ಕಂಪ್ಯೂಟರನ್ನು ನಡೆಸುವ ಓಎಸ್‌ಗೆ ಸಿ, ನಿಮ್ಮ ಫೈಲುಗಳಿಗೆ ಡಿ.

"ಏನೇ ಇರ್ಲಿ, ಡಿ ಒಳಗೆ ಇಡಿ. ನಾನು ಅಳಿಸೋದು ಸಿ ಮಾತ್ರ. ಡಿ ಅಂದ್ರೆ ತಾಯಿ ಮಡಿಲು" ಎಂದು ಎಲ್ಲರಿಗೂ ಹೇಳುತ್ತಿದ್ದ.

ಈ ಮಾತನ್ನು ಅವನ ಅಕ್ಕನಷ್ಟು ನಂಬಿದವರು ಇನ್ನೊಬ್ಬರಿಲ್ಲ. ಅಕ್ಕ ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರಿನಿಂದ ನಡೆಯುವ ಕಸೂತಿ ಯಂತ್ರ ಇಟ್ಟುಕೊಂಡಿದ್ದಳು. ಶಾಲೆಯ ಲಾಂಛನದಿಂದ ಹಿಡಿದು ಎಳೆಮಗುವಿನ ಟೋಪಿಯವರೆಗೆ ಎಲ್ಲವನ್ನೂ ಹೊಲಿದುಕೊಡುತ್ತಿದ್ದಳು. ಭಾವ ತೀರಿಕೊಂಡ ಮೇಲೆ ಸಂಸಾರ ನಡೆದದ್ದು ಅದರಿಂದಲೇ. ಪರದೆಯ ಮುಂದೆ ಕೂತು ಸೊಂಟ ನೋಯಿಸಿಕೊಂಡು ತಾನೇ ಬಿಡಿಸಿದ ಹೂವು, ಬಳ್ಳಿ, ನವಿಲು ಎಲ್ಲ ಡಿಯಲ್ಲಿದ್ದವು.

ಹೊಸ ಓಎಸ್ ಹಾಕಿಸಿಕೋ ಎಂದು ದುಂಬಾಲು ಬಿದ್ದವನೂ ಅವನೇ. ಹಾಕಿದ ಮರುದಿನವೇ ಯಂತ್ರ ಮುನಿಸಿಕೊಂಡಿತು. ಹೊಸದರ ಜೊತೆ ಅದಕ್ಕೆ ಮಾತೇ ಇಲ್ಲ. ಸರಿ, ಅದನ್ನು ಅಳಿಸಿ ಹಳೆಯದನ್ನೇ ಹಾಕೋಣ ಎಂದು ಒಂದು ಭಾನುವಾರ ಅಕ್ಕನ ಮನೆಗೆ ಬಂದ.

"ಒಂದ್ಸಲ ಎಲ್ಲಾ ಕಾಪಿ ಮಾಡ್ಕೊಳ್ಳೋದು ಬೇಡ್ವೇನೋ?" ಎಂದಳು ಅಕ್ಕ.

"ಡಿನ ಮುಟ್ಟೋರು ಯಾರಕ್ಕಾ? ನೀನು ಟೀಗೆ ಇಡು ಹೋಗು."

ಅವನ ಅಂಗಿಯ ಜೇಬಿನಲ್ಲೇ ಖಾಲಿ ಪೆನ್ ಡ್ರೈವ್ ಇತ್ತು. ಆ ಜೇಬಿನ ಮೇಲೆ ಅಕ್ಕ ಹೊಲಿದುಕೊಟ್ಟ ನೀಲಿ ಹಕ್ಕಿಯೂ ಇತ್ತು.

ಹಳೆಯ ಓಎಸ್‌ನ ಡಿವಿಡಿ ಹಾಕಿದ. ಯಾವ ಪಾಲಿನಲ್ಲಿ ಕೂರಿಸಬೇಕು ಎಂದು ಅದು ತೋರಿಸುವ ಪಟ್ಟಿಯಲ್ಲಿ ಸಿ, ಡಿ ಎಂಬ ಅಕ್ಷರ ಕಾಣುವುದಿಲ್ಲ. ಪಾಲಿನ ಗಾತ್ರವಷ್ಟೇ ಕಾಣುತ್ತದೆ. ಬೇರೆ ಯಾರಾದರೂ ಪಾಲು ಮಾಡಿದ್ದರೆ ಚಿಕ್ಕದು ಸಿ, ದೊಡ್ಡದು ಡಿ ಎಂದು ಕುರುಡನಿಗೂ ಗೊತ್ತಾಗುತ್ತಿತ್ತು. ಇವನದು ಸಮಪಾಲು. ಮೇಲಿರುವುದೇ ಸಿ ಎಂಬ ರೂಢಿಯಲ್ಲಿ ಮೇಲಿನದನ್ನು ಅಳಿಸಿ, ಹೊಸದಾಗಿ ಪಾಲು ಮಾಡಿ, ಫಾರ್ಮ್ಯಾಟ್ ಒತ್ತಿದ. ಹೊಸ ಓಎಸ್ ಬಂದಾಗ ಪಟ್ಟಿಯ ಸಾಲು ಮೇಲೆಕೆಳಗಾಗಿ ಡಿಯೇ ಮೇಲೆ ಬಂದದ್ದನ್ನು ಅವನು ಗಮನಿಸಿರಲೇ ಇಲ್ಲ.

ಟೀ ಕುಡಿದು ಹರಟೆ ಹೊಡೆಯುವಷ್ಟರಲ್ಲಿ ಹಳೆಯ ಪರದೆ ಬಂತು. ಯಂತ್ರವೂ ಬೀಪ್ ಎಂದು ಓಗೊಟ್ಟಿತು. "ನೋಡಿದ್ಯಾ?" ಎಂದು ಬೀಗುತ್ತ ಡಿ ತೆರೆದ. ಒಳಗೆ ಕೂತಿದ್ದದ್ದು ಅಳಿಸಬೇಕಿದ್ದ ಹೊಸ ಓಎಸ್, ಕೂದಲೂ ಕೊಂಕದೆ. ಅಳಿದದ್ದು ಅಕ್ಕನ ಪಾಲು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅಳಿಸಿದ್ದನ್ನು ಹೆಕ್ಕಿ ತೆಗೆಯುವ ಸಾಫ್ಟ್‌ವೇರ್‌ಗಳನ್ನೆಲ್ಲ ಓಡಿಸಿದ. ಕೆಲವು ಫೈಲುಗಳ ಹೆಸರು ಬಂತು, ಒಳಗೆ ಏನೂ ಇರಲಿಲ್ಲ. ಅವುಗಳ ಮೇಲೆ ಹಳೆಯ ಓಎಸ್ ತಂದು ಕೂರಿಸಿದವನು ಅವನೇ ತಾನೆ.

"ಅಕ್ಕಾ, ನಿನ್ನ ಡಿಸೈನ್ ಎಲ್ಲಾ ಹೋಯ್ತು. ನಾನೇ ಅಳಿಸ್ಬಿಟ್ಟೆ."

ಅಕ್ಕ ಬೈಯಲಿಲ್ಲ, ಅಳಲಿಲ್ಲ. ಧೂಳಿಲ್ಲದ ಯಂತ್ರವನ್ನೇ ಒರೆಸುತ್ತ ನಿಂತಳು. ಆಮೇಲೆ, "ಅಂಗಿ ಬಿಚ್ಚಿಕೊಡು" ಎಂದಳು.

"ಯಾಕೆ?"

"ಆ ಹಕ್ಕಿ ನಾನು ಮೊದಲು ಮಾಡಿದ್ದು. ಮಿಕ್ಕಿದ್ದೆಲ್ಲ ಊರ ಜನರ ಮೈಮೇಲಿದೆ, ನನ್ನ ಹತ್ರ ಒಂದೂ ಇಲ್ಲ. ಅದನ್ನ ನೋಡ್ಕೊಂಡು ಶುರು ಮಾಡ್ತೀನಿ."

ಭಾವನ ಹಳೆಯ ಅಂಗಿ ತೊಟ್ಟುಕೊಂಡು ಅವನು ತಲೆ ತಗ್ಗಿಸಿ ಮನೆಗೆ ಹೋದ. ಅಂಗಡಿಯಲ್ಲಿ ಆಮೇಲೆ ಸಮಪಾಲು ನಿಂತಿತು. ಒಂದು ಪಾಲು ಚಿಕ್ಕದು, ಒಂದು ದೊಡ್ಡದು, ಅದಕ್ಕೂ ಮೊದಲು ಕಾಪಿ. ಬೀದಿಯವರು ಮಾತ್ರ ಹಳೆಯ ಹೆಸರಲ್ಲೇ ಕರೆಯುತ್ತಿದ್ದರು. ಕರೆದಾಗಲೆಲ್ಲ ಅವನು ಕೇಳಿಸದವನಂತೆ ಕೆಲಸಕ್ಕೆ ಬಗ್ಗುತ್ತಿದ್ದ.

ಒಂದು ಸಂಜೆ ಮನಸ್ಸು ತಡೆಯದೆ ಅಕ್ಕನ ಬಳಿ ಹೋದ. ಅವಳು ದಪ್ಪ ಕನ್ನಡಕ ಹಾಕಿಕೊಂಡು, ಅವನ ಅಂಗಿಯನ್ನು ತೊಡೆಯ ಮೇಲೆ ಹರಡಿಕೊಂಡು, ಪರದೆಗೆ ಮೂಗು ತಾಗಿಸುವಂತೆ ಕೂತಿದ್ದಳು.

"ನನಗೂ ಕಲಿಸಕ್ಕಾ. ಅರ್ಧ ನೀನು ಮಾಡು, ಅರ್ಧ ನಾನು ಮಾಡ್ತೀನಿ."

"ಬೇಡ ಕಣೋ. ನಿನಗೆ ಅಂಗಡಿ ಇದೆ."

"ಹೋಗ್ಲಿ, ನನ್ನ ಬೈದಾದ್ರೂ ಬಿಡಕ್ಕಾ."

ಅಕ್ಕ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಬೈದ್ರೆ ನಿನ್ನ ಮನಸ್ಸು ಹಗುರ ಆಗುತ್ತೆ. ನನ್ನ ಕೆಲಸ ಹಗುರ ಆಗುತ್ತೇನೋ?"

ಅವನು ಬಾಗಿಲಲ್ಲೇ ನಿಂತ. ಪರದೆಯ ಮೇಲಿನ ಹಕ್ಕಿಗೆ ಇನ್ನೂ ಒಂದೇ ರೆಕ್ಕೆ ಆಗಿತ್ತು.