ನೀವು ಇನ್ನೂ ನೋಡುತ್ತಿದ್ದೀರಾ?

ಮೊಣಕಾಲು ನೋವು ಬಂದು ಅವ್ವ ಮಠಕ್ಕೆ ಹೋಗುವುದು ನಿಂತಿತು. ಆಗ ಮಕ್ತಲ್‌ನ ನಮ್ಮ ಮನೆಗೆ ಒಂದು ದೊಡ್ಡ ಟಿವಿ ತಂದೆ. ಇಂಟರ್ನೆಟ್ ಇದ್ದರೆ ಮಠದ ಪೂಜೆಯನ್ನು ಅದರಲ್ಲಿ ನೇರವಾಗಿ ನೋಡಬಹುದು. ಅವ್ವನ ನೇಮ ಸರಳ. ಮಡಿಯಲ್ಲಿ ಕೂತು ಮಧ್ಯಾಹ್ನದ ಮಹಾಮಂಗಳಾರತಿಯನ್ನು ಅದು ನಡೆಯುವ ಹೊತ್ತಿಗೇ ನೋಡಬೇಕು, ಆಮೇಲೆಯೇ ಊಟ. ಮುಗಿದುಹೋದ ಪೂಜೆ ಅವಳ ಲೆಕ್ಕದಲ್ಲಿ ತಂಗಳನ್ನ. ಸಕ್ಕರೆ ಕಾಯಿಲೆಯ ಗುಳಿಗೆಯೂ ಊಟವಾಗುವ ತನಕ ಕಾಯಬೇಕು. ಈ ವಿಷಯಕ್ಕೆ ಜಗಳಾಡಿ ಸೋತು ನಾನು ಸುಮ್ಮನಾಗಿದ್ದೆ.

ಟಿವಿ ಕೂಡಿಸಲು ಬಂದವನು ತೆಲುಗು ಹಾಕಿದ್ದ. ನಾನು ಹಟ ಹಿಡಿದು ಪರದೆಯ ಅಕ್ಷರಗಳನ್ನೆಲ್ಲ ಕನ್ನಡಕ್ಕೆ ಬದಲಾಯಿಸಿಕೊಂಡೆ. ಹೋಗುವಾಗ ಅವನು ಅವ್ವನಿಗೆ ಹೇಳಿದ: "ಒತ್ತಾಕ ಹೋಗಬ್ಯಾಡ್ರಿ ಅಮ್ಮಾರ. ಬಾಯಿಲೆ ಹೇಳಿದ್ರ ಸಾಕು, ಅದಕ್ಕ ಎಲ್ಲಾ ತಿಳೀತೈತಿ."

ಮಡಿಯಲ್ಲಿದ್ದಾಗ ಅವ್ವ ರಿಮೋಟನ್ನೂ ಮುಟ್ಟುವುದಿಲ್ಲ, ಫೋನನ್ನೂ ಮುಟ್ಟುವುದಿಲ್ಲ. ಅವು ಹತ್ತು ಜನರ ಕೈ ತಿರುಗಿದ ವಸ್ತುಗಳು. ನಾರಾಯಣಪೇಟೆಯ ಶಾಲೆಯಲ್ಲಿ ನನಗೆ ಪಾಠ ಹೇಳುವ ಕೆಲಸ. ದಿನಾ ಬಸ್ಸಿಗೆ ಹೊರಡುವ ಮೊದಲು ಮಠದ ಪ್ರಸಾರ ಹಚ್ಚಿ, ರಿಮೋಟನ್ನು ಮಂಚದ ಮೇಲಿಟ್ಟು ಹೋಗುತ್ತಿದ್ದೆ.

ಒಂದು ದಿನ ಸಂಜೆ ಐದಕ್ಕೆ ಬಂದಾಗ ಅವ್ವ ಬೆಳಗಿನ ಮಡಿಯಲ್ಲೇ ಮಣೆಯ ಮೇಲೆ ಕೂತಿದ್ದಳು. ಚಿತ್ರ ನಿಂತುಹೋಗಿತ್ತು. ಅದರ ಮೇಲೆ ದಪ್ಪ ಅಕ್ಷರದಲ್ಲಿ 'ನೀವು ಇನ್ನೂ ನೋಡುತ್ತಿದ್ದೀರಾ?' ಎಂದಿತ್ತು, ಕೆಳಗೆ 'ಹೌದು' ಎಂಬ ಚೌಕ.

"ಹನ್ನೊಂದಕ್ಕ ಕೇಳ್ತು," ಎಂದಳು ಅವ್ವ. "ಹೌದಪ್ಪಾ, ನೋಡ್ಲಿಕ್ಕತ್ತೀನಿ ಅಂದೆ. ನೂರು ಸಲ ಅಂದೆ. ದೇವರು ವರ ಕೊಟ್ರೂ ಪೂಜಾರಿ ಕೊಡಲಿಲ್ಲ ಅಂದಂಗಾತು."

"ಮಡಿ ಬಟ್ಟಿ ತೆಗಿಯೋ ಕೋಲಿಲೆ ಆದ್ರೂ ಒತ್ತಬಾರದಿತ್ತೇನು?"

"ಒತ್ತಿದೆ. ರಿಮೋಟ್ ಜಾರಿ ಮಂಚದ ಕೆಳಗ ಹೋತು."

ಪಕ್ಕದ ಮನೆಯವರನ್ನು ಕರೆಯೋಣವೆಂದರೆ ಅವರು ಸೀರೆ ತರಲು ಗದ್ವಾಲಕ್ಕೆ ಹೋಗಿದ್ದರು. ರಿಮೋಟಿನ ಮೈಕ್ ಗುಂಡಿ ಒತ್ತಿ ಹಿಡಿಯದೆ ಟಿವಿಗೆ ಮಾತು ಕೇಳುವುದಿಲ್ಲ. ಇದು ನನಗೆ ಗೊತ್ತಿತ್ತು, ಅವ್ವನಿಗೆ ಹೇಳಿರಲಿಲ್ಲ. ತಪ್ಪು ನನ್ನದೇ. ಆದರೂ ಬೈದದ್ದು ಅವಳನ್ನು. ಮಡಿ ಅಂತ, ಮಣ್ಣು ಅಂತ ಬಾಯಿಗೆ ಬಂದದ್ದೆಲ್ಲ ಅಂದೆ.

"ಆಗಿದ್ದು ಆತು. ಮಂಗಳಾರತಿ ತಪ್ಪಿತು, ಇವತ್ತು ಉಪವಾಸ," ಎಂದಳು. ಸಕ್ಕರೆ ಇಳಿದು ಅವಳ ಕೈ ನಡುಗುತ್ತಿತ್ತು. ನನಗೆ ಹೆದರಿಕೆಯಾಯಿತು.

"ನೀ ಉಣ್ಣಲಿಲ್ಲಂದ್ರ ನಾನೂ ಉಣ್ಣಂಗಿಲ್ಲ. ಪರೀಕ್ಷೆ ಗದ್ದಲದಾಗ ಮಧ್ಯಾಹ್ನದ ಡಬ್ಬಿನೂ ತೆಗೆದಿಲ್ಲ," ಎಂದೆ.

ಅವ್ವ ಅಲುಗಲಿಲ್ಲ. ನಾನು ಬಗ್ಗಿ ರಿಮೋಟ್ ಎಳೆದುಕೊಂಡು ಪ್ರಸಾರವನ್ನು ಹಿಂದಕ್ಕೆ ಓಡಿಸಿದೆ. ಆರತಿ ಎತ್ತುವ ಜಾಗ ಸಿಕ್ಕಿತು. "ಮಠದಾಗ ಇವತ್ತು ಭಾಳ ತಡ ಆಗೇದಂತ. ಈಗ ಆರತಿ, ನೋಡು," ಎಂದೆ.

ನೇರ ಪ್ರಸಾರವಿದ್ದರೆ ಪರದೆಯ ಮೂಲೆಯಲ್ಲಿ ಕೆಂಪು ಚುಕ್ಕಿ ಇರುತ್ತದೆ. ಹಳೆಯದಾದರೆ ಅದು ಬೂದಿ ಬಣ್ಣಕ್ಕೆ ತಿರುಗುತ್ತದೆ. ಇದನ್ನು ಅವ್ವನಿಗೆ ನಾನೇ ಹೇಳಿದ್ದೆ, ಆದರೆ ಪೊರೆ ಬಂದ ಅವಳ ಕಣ್ಣಿಗೆ ಅಷ್ಟು ಸಣ್ಣದು ಕಾಣುವುದಿಲ್ಲ.

"ಕೆಂಪು ಚುಕ್ಕಿ ಅದ ಏನು?" ಎಂದು ಕೇಳಿದಳು.

"ಅದ," ಎಂದೆ. ದೇವರ ಮುಂದೆ ಹೇಳಿದ ಸುಳ್ಳು, ನಾಲಿಗೆ ತಡವರಿಸಲೇ ಇಲ್ಲ.

ಅವ್ವ ಕೈ ಮುಗಿದಳು. ಗಂಟೆ ನಿಂತಿತು. ನಾನು ಎರಡು ಎಲೆ ಹಾಕಿ ಅನ್ನ, ಸಾರು ಬಡಿಸಿದೆ. ಇಬ್ಬರೂ ಉಂಡೆವು. ಅನ್ನ ಹೊಟ್ಟೆಗೆ ಬಿದ್ದ ಮೇಲೆ ಅವ್ವನ ನಡುಕ ನಿಂತಿತು, ಗುಳಿಗೆ ನುಂಗಿದಳು.

ನಾನು ಎಲೆ ಎತ್ತುತ್ತಿದ್ದಾಗ ಅವಳೆಂದಳು: "ಐದು ಗಂಟಿಗೆ ಯಾವ ಮಠದಾಗ ಮಹಾಮಂಗಳಾರತಿ ಇರ್ತದ ಹುಚ್ಚಿ? ನಿನ್ನ ಮಾರಿ ಬಾಡಿತ್ತು, ಅದಕ್ಕ ಉಂಡೆ."

ನನಗೆ ತಿಳಿದಂತೆ ಅವ್ವ ನೇಮ ಮುರಿದದ್ದು ಅದೊಂದೇ ಸಲ.