ಬನ್ನಣ್ಣನ ಹೆಬ್ಬೆರಳು ಮತ್ತು ನೀಲಿ ರೋಲರ್

ಬೀದಿಯವರೆಲ್ಲ ಅವನನ್ನು ಬನ್ನಣ್ಣ ಅಂತಲೇ ಕರೆಯುತ್ತಿದ್ದರು. ರಾತ್ರಿಯೆಲ್ಲ ಬೇಕರಿಯಲ್ಲಿ ಹಿಟ್ಟು ನಾದಿ, ಬೆಳಕು ಹರಿಯುವಾಗ ಮನೆಗೆ ಬಂದು ಮಲಗುವ ಮನುಷ್ಯ. ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಅವನು ಏಳುವ ಹೊತ್ತಿಗೆ ಅವಳು ಡ್ಯೂಟಿಗೆ ಹೋಗಿರುತ್ತಿದ್ದಳು, ಅವಳು ಬರುವ ಹೊತ್ತಿಗೆ ಅವನು ಅಂಗಿ ತೊಟ್ಟು ಹೊರಟಿರುತ್ತಿದ್ದ. ಗಂಡ ಹೆಂಡಿರಾದರೂ ಬಾಗಿಲಲ್ಲಿ ಭೇಟಿಯಾಗುವ ನೆಂಟರ ಹಾಗಿದ್ದರು.

ಅವರ ಪಾಲಿಗೆ ಉಳಿದಿದ್ದು ಭಾನುವಾರದ ಬೆಳಗು ಒಂದೇ. ನಲವತ್ತು ದಾಟಿದ ಮೇಲೆ ಅವಳಿಗೆ ದೂರದ ಓಟದ ಹುಚ್ಚು ಹಿಡಿದಿತ್ತು. ಓಡಿ ಬಂದು ಚಾಪೆಯ ಮೇಲೆ ಬೋರಲು ಮಲಗಿದರೆ ಬನ್ನಣ್ಣ ಅವಳ ಮೀನಖಂಡ ಒತ್ತಲು ಕೂರುತ್ತಿದ್ದ. ಹೆಬ್ಬೆರಳು ಇಟ್ಟೊಡನೆ, "ಇವತ್ತು ದಿಣ್ಣೆ ರಸ್ತೆಗೆ ಹೋಗಿದ್ದೆ ಅಲ್ವಾ?" ಅಂದುಬಿಡುತ್ತಿದ್ದ. ಸರಿಯಾಗಿಯೇ ಇರುತ್ತಿತ್ತು. ಅವಳು ಮುಖವನ್ನು ಚಾಪೆಗೆ ಒತ್ತಿಕೊಂಡೇ ವಾರದ ಸುದ್ದಿಯೆಲ್ಲ ಹೇಳುತ್ತಿದ್ದಳು: ಡ್ಯೂಟಿ ಹಾಕುವಾಗ ಹೆಡ್ ನರ್ಸ್ ಮಾಡುವ ಪಕ್ಷಪಾತ, ತಂಗಿಯ ಮಗಳ ಹಟ. ಕೇಳುತ್ತಾ ಕೇಳುತ್ತಾ ಅವನಿಗೆ ತಾನೂ ಒಬ್ಬ ಗಂಡ ಅನ್ನಿಸುತ್ತಿತ್ತು.

ಅಷ್ಟರಲ್ಲಿ ಮನೆಗೆ ಬಂತು ಫೋಮ್ ರೋಲರ್, ಓಡುವವರು ಕಾಲುನೋವಿಗೆ ಬಳಸುವಂಥದ್ದು. ನೀಲಿ ಬಣ್ಣದ, ಮೈತುಂಬ ಉಬ್ಬುಗಳಿದ್ದ, ದಿಂಬಿನಷ್ಟು ಉದ್ದದ ಉರುಳೆ. ಅವಳು ಅದನ್ನು ನೆಲಕ್ಕಿಟ್ಟು, ಕಾಲನ್ನು ಅದರ ಮೇಲಿಟ್ಟು, ಕೈಯೂರಿ ಹಿಂದೆ ಮುಂದೆ ಉರುಳಿದಳು. "ರೀ, ನೀವು ಹೋಗಿ ಮಲಗಿ, ಪಾಪ, ದಣಿದಿದ್ದೀರಿ" ಅಂದಳು. ಬನ್ನಣ್ಣ ಹೋಗಿ ಮಲಗಿದ. ನಿದ್ದೆ ಎಲ್ಲಿಂದ ಬರಬೇಕು? ಗೋಡೆಯಾಚೆ ಅವಳು "ಅಬ್ಬಾ" ಅಂತ ನೆಮ್ಮದಿಯ ಉಸಿರು ಬಿಡುತ್ತಿದ್ದಳು. ಅವನ ಕೈಕೆಳಗೆ ಎಂದೂ ಹಾಗೆ ಉಸಿರು ಬಿಟ್ಟವಳಲ್ಲ. ಸಾಲದ್ದಕ್ಕೆ ಓಟದ ಗೆಳತಿಗೆ ಫೋನಿನಲ್ಲಿ, "ಇದಿಲ್ದೆ ಇಷ್ಟು ದಿನ ಹೇಗೆ ಬದುಕಿದ್ನೋ ಗೊತ್ತಿಲ್ಲ ಕಣೇ" ಅನ್ನುತ್ತಿದ್ದಳು. ಬನ್ನಣ್ಣನ ಹೊಟ್ಟೆಯಲ್ಲಿ ಬೇಕರಿಯ ಒಲೆಯೇ ಹೊತ್ತಿಕೊಂಡಿತು. ತಾನು ಹೆಂಗಸಾಗಿದ್ದರೆ ಸವತಿ ಅಂತ ಬಯ್ಯಬಹುದಿತ್ತು, ನಾಲ್ಕು ಜನರನ್ನು ಸೇರಿಸಿ ನ್ಯಾಯ ಕೇಳಬಹುದಿತ್ತು. ಒಂದು ಫೋಮಿನ ತುಂಡಿನ ಮೇಲೆ ಗಂಡಸು ಯಾರ ಹತ್ತಿರ ದೂರು ಹೇಳಬೇಕು?

ಕೆಲವು ವಾರ ಮುಖ ಊದಿಸಿಕೊಂಡೇ ಓಡಾಡಿದ. ಒಂದು ಭಾನುವಾರ ಅವಳು ಓಡಲು ಹೋಗಿದ್ದಾಗ ತಡೆಯಲಾರದೆ ರೋಲರನ್ನು ಅಟ್ಟದ ಮೇಲೆ ಹಳೆಯ ಹಾಸಿಗೆಯ ಹಿಂದೆ ತುರುಕಿದ. ಆಮೇಲೆ ಚಾಪೆ ಹಾಸಿ, ಅಂಗೈ ಉಜ್ಜಿ ಬಿಸಿ ಮಾಡಿಕೊಂಡು, ಮದುಮಗನ ಹಾಗೆ ಕಾದು ಕೂತ.

ಅವಳು ಬಂದಳು, ಹುಡುಕಿದಳು, ಸಿಗಲಿಲ್ಲ. ಅವನ ಕಡೆ ತಿರುಗಿಯೂ ನೋಡದೆ ಅಡುಗೆಮನೆಗೆ ಹೋಗಿ, ಅವನು ಬೇಕರಿಯಿಂದ ತಂದಿಟ್ಟಿದ್ದ ದಪ್ಪ ಲಟ್ಟಣಿಗೆ ಹಿಡಿದು ಬಂದು ಕಾಲಿನ ಮೇಲೆ ಉರುಳಿಸತೊಡಗಿದಳು. ಅವನ ಲಟ್ಟಣಿಗೆಯೂ ಶತ್ರುವಿನ ಪಕ್ಷ ಸೇರಿತು.

"ನಾನು ಇಲ್ಲೇ ಕೂತಿದೀನಲ್ಲ, ಕಾಣ್ಸಲ್ವಾ?" ಅಂದ.

"ಕಾಣ್ತೀರಿ. ಅಟ್ಟದ ಧೂಳು ತಲೆ ಮೇಲೇ ಇದೆ."

ಅವನಿಗೆ ನಾಚಿಕೆಯಾಯಿತು, ಆದರೂ ಬಿಡಲಿಲ್ಲ. "ನನ್ನ ಕೈಗಿಂತ ಆ ಕಟ್ಟಿಗೆ ಹೆಚ್ಚಾಯ್ತಾ?"

ಅವಳು ಲಟ್ಟಣಿಗೆ ಕೆಳಗಿಟ್ಟಳು. "ನೀವು ಒತ್ತಿದ್ರೆ ಪ್ರಾಣ ಹೋಗುತ್ತೆ ರೀ. ಹಿಟ್ಟು ಅಂದ್ಕೊಂಡು ನಾದ್ತೀರಿ. ಮೊದಲಿಂದ್ಲೂ ಹಾಗೇ. ಹಲ್ಲು ಕಚ್ಕೊಂಡು ಮಲಗಿರ್ತಿದ್ದೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಎದ್ದು ಹೋಗಿ ಮಲಗ್ತಿದ್ರಿ. ನನ್ನ ಮಾತು ಕೇಳೋಕೆ ಇನ್ಯಾವಾಗ ಸಿಗ್ತಿದ್ರಿ?"

"ಹೋಗಿ ಮಲಗಿ ಅಂದವಳು ನೀನೇ ತಾನೆ?"

"ಬಾಯಿ ಮಾತಿಗೆ ಅಂದೆ. ನೀವು ಹೋಗೇಬಿಟ್ರಿ."

ಬನ್ನಣ್ಣ ಎದ್ದ. ಅಟ್ಟ ಹತ್ತಿ ರೋಲರ್ ಇಳಿಸಿ, ಧೂಳು ಒರೆಸಿ, ಅವಳ ಕಾಲ ಕೆಳಗಿಟ್ಟ. ಎದುರಿಗೆ ಕೂತ. ಕೆಲಸವಿಲ್ಲದ ಕೈಗಳನ್ನು ಏನು ಮಾಡುವುದೆಂದು ತಿಳಿಯದೆ ತೊಡೆಯ ಕೆಳಗೆ ಇಟ್ಟುಕೊಂಡ.

"ಇವತ್ತು ಯಾವ ಕಡೆ ಹೋಗಿದ್ದೆ, ಹೇಳು" ಅಂದ. ಹೆಬ್ಬೆರಳಿನಿಂದ ತಿಳಿದುಕೊಳ್ಳುತ್ತಿದ್ದವನು ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು.

ಅವಳು ಉರುಳುತ್ತಾ ಹೇಳತೊಡಗಿದಳು, ನಡುನಡುವೆ "ಅಬ್ಬಾ" ಅನ್ನುತ್ತಾ. ಅವಳು "ಅಬ್ಬಾ" ಅಂದಾಗಲೆಲ್ಲ ಅವನು ಆ ನೀಲಿ ಉರುಳೆಯನ್ನು ಓರೆಗಣ್ಣಿನಲ್ಲಿ ನೋಡಿದ. ಆದರೆ ಎದ್ದು ಹೋಗಲಿಲ್ಲ.