ಮಗಳ ವರದಿ ಊರೂರು ಸುತ್ತಿದ್ದು

ನನ್ನ ಮಗಳಿಗೆ ಏನೋ ಆಗಿದೆ ಎಂಬ ಸುದ್ದಿ ಚನ್ನಗಿರಿಯ ನಮ್ಮ ಮನೆಗೆ ಬಸ್ಸಿನಲ್ಲಿ ಬಂತು. ಮಧ್ಯಾಹ್ನದ ಪಾತ್ರೆ ತೊಳೆದಿಟ್ಟು ಹಿತ್ತಿಲ ಬಾಗಿಲಲ್ಲಿ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದೆ. ನ್ಯಾಮತಿಯ ನನ್ನ ನಾದಿನಿ ಬ್ರೆಡ್ಡು, ಮೋಸಂಬಿ ಹಿಡಿದು ಒಳಗೆ ಬಂದಳು. ನಮ್ಮ ಕಡೆ ಯಾರಾದರೂ ಬ್ರೆಡ್ಡು, ಮೋಸಂಬಿ ಹಿಡಿದು ಬಂದರೆ ಆ ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಎಂದು ಅರ್ಥ. ಮನೆಯಲ್ಲಿ ನಾನೊಬ್ಬಳೇ ಇದ್ದೆ. ನನಗೇನೂ ಆಗಿರಲಿಲ್ಲ.

“ಹುಡುಗಿ ಹೆಂಗೈತೆ ಅತ್ಗೆ?” ಎಂದಳು.

“ಯಾವ ಹುಡುಗಿ?”

ಅವಳು ಚೀಲವನ್ನು ಕೆಳಗಿಡಲೋ ಬೇಡವೋ ಎಂದು ನಿಂತುಬಿಟ್ಟಳು. “ನಿಮಗೇ ಗೊತ್ತಿಲ್ವಾ? ನಾನೇ ಕೊನೇಗೆ ಬಂದೋಳು ಅನ್ಕಂಡು ಬೈಸ್ಕಳ್ಳಾಕೆ ತಯಾರಾಗಿ ಬಂದೆ.”

ಇಂಥ ಸುದ್ದಿಯನ್ನು ನಮ್ಮಲ್ಲಿ ಫೋನಿನಲ್ಲಿ ಹೇಳುವುದಿಲ್ಲ. ಕೇಳುವವರು ಕೂತಿರಬೇಕು, ಪಕ್ಕದಲ್ಲಿ ಹಿಡಿದುಕೊಳ್ಳಲು ಒಬ್ಬರಿರಬೇಕು. ಅದಕ್ಕೇ ಬೆಳಗಿನಿಂದ ಎಷ್ಟೋ ಮನೆಗೆ ಗೊತ್ತಿದ್ದರೂ ನನಗೆ ಯಾರೂ ಫೋನು ಮಾಡಿರಲಿಲ್ಲ. ಹತ್ತಿರದವರು ಯಾರಾದರೂ ಹೋಗಿ ಹೇಳಿರುತ್ತಾರೆ ಎಂದು ಎಲ್ಲರೂ ಸುಮ್ಮನಿದ್ದರು. ನಾದಿನಿ ನನ್ನನ್ನು ಕೂರಿಸಿ, ನೀರು ಕೊಟ್ಟು, ಆಮೇಲೆ ತನ್ನ ಫೋನು ತೋರಿಸಿದಳು.

ಅದರಲ್ಲಿ ಒಂದು ಹಾಳೆಯ ಫೋಟೋ ಇತ್ತು. ಮೇಲೆ ಮಗಳು ಓದುವ ವಿಶ್ವವಿದ್ಯಾಲಯದ ಹೆಸರು, ಕೆಳಗೆ ‘ಘಟನಾ ವರದಿ’ ಎಂಬ ತಲೆಬರಹ. ರಸಾಯನಶಾಸ್ತ್ರದ ಲ್ಯಾಬಿನಲ್ಲಿ ವಿದ್ಯಾರ್ಥಿನಿ ಮೂರ್ಛೆ ಬಂದು ಬಿದ್ದದ್ದು, ಮೇಜಿನ ಅಂಚು ತಗುಲಿ ಗದ್ದ ಸೀಳಿದ್ದು, ಸಹಪಾಠಿಗಳು ಕೈಗೆ ಬೀಗದ ಕೈಗೊಂಚಲು ಕೊಟ್ಟದ್ದು, ಆಸ್ಪತ್ರೆಗೆ ಸಾಗಿಸಿದ್ದು ಎಲ್ಲವನ್ನೂ ಬರೆದಿದ್ದರು. ಅವಳ ಹೆಸರು, ತಂದೆಯ ಹೆಸರು, ನಮ್ಮ ಬೀದಿ, ಫೋನ್ ನಂಬರು ಇದ್ದವು. ಅದಕ್ಕೂ ಕೆಳಗೆ, ಆಸ್ಪತ್ರೆಯಲ್ಲಿ ಅವಳೇ ಡಾಕ್ಟರಿಗೆ ಹೇಳಿದ್ದೆಂದು, ಹೈಸ್ಕೂಲಿನಿಂದಲೂ ಫಿಟ್ಸ್ ಇದೆ ಎಂಬುದನ್ನು, ದಿನಾ ನುಂಗುವ ಮಾತ್ರೆಯ ಹೆಸರಿನ ಸಮೇತ ಬರೆದಿತ್ತು.

ಮಾತ್ರೆಯ ವಿಷಯ ಗೊತ್ತಿದ್ದದ್ದು ನಮ್ಮ ಮನೆಯ ಮೂವರಿಗೆ ಮತ್ತು ಶಿವಮೊಗ್ಗದ ಡಾಕ್ಟರಿಗೆ. ನಾದಿನಿಗೂ ಹೇಳಿರಲಿಲ್ಲ. ಅವಳು ಅದನ್ನು ಆಡಿ ತೋರಿಸಲಿಲ್ಲ. ಅದೊಂದು ಉಪಕಾರ. ನನಗೆ ಸೀರೆ ಬದಲಾಯಿಸಲು ಹೇಳಿ, ತಾನೇ ಮನೆಗೆ ಬೀಗ ಹಾಕಿ, ನನ್ನ ಜೊತೆ ಬಸ್ಸು ಹತ್ತಿದಳು.

ಆಸ್ಪತ್ರೆಯಲ್ಲಿ ಮಗಳು ಗದ್ದಕ್ಕೆ ಹೊಲಿಗೆ ಹಾಕಿಸಿಕೊಂಡು ಕೂತಿದ್ದಳು. ಬಿದ್ದಾಗ ಮೇಜಿನ ಮೇಲೆ ಆಸಿಡ್ ಸೀಸೆ ಇತ್ತಂತೆ, ಅದು ಅಲುಗಾಡಿ ಅಲ್ಲೇ ನಿಂತಿತಂತೆ. ಕೈಚೀಲದಲ್ಲಿದ್ದ ವಿಭೂತಿ ತೆಗೆದು ಅವಳ ಹಣೆಗೆ ಹಚ್ಚಿದೆ. ಕಣ್ಣಿಗೆ ಏನೂ ಆಗದೆ ಉಳಿಸಿದನಲ್ಲ, ಶಿವ ದೊಡ್ಡವನು. ಅವಳು ಸುಮ್ಮನೆ ಹಚ್ಚಿಸಿಕೊಂಡಳು. ಆಗಲೇ ನಾದಿನಿ ಪ್ರೀತಿಯಿಂದ ಕೇಳಿಬಿಟ್ಟಳು: “ಮಾತ್ರೆ ಯಾವಾಗಿಂದ ತಗಳ್ತಿದೀಯವ್ವ?”

ಮಗಳು ನನ್ನ ಮುಖ ನೋಡಿದಳು. ನಾನು ಹೇಳಿಲ್ಲ ಎಂದು ತಲೆಯಾಡಿಸಿದೆ. ನಾದಿನಿ ಮತ್ತೆ ಫೋನು ತೆಗೆದಳು. ಮಗಳು ಆ ಹಾಳೆಯನ್ನು ಕೊನೆಯ ಸಾಲಿನವರೆಗೂ ಓದಿ ಫೋನನ್ನು ವಾಪಸು ಕೊಟ್ಟಳು.

“ನಾನಿನ್ನು ಕಾಲೇಜಿಗೆ ಹೋಗಲ್ಲಮ್ಮ,” ಎಂದಳು. ಅವಳ ಕೊನೆಯ ವರ್ಷ, ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರದಲ್ಲಿತ್ತು.

ಆ ಹಾಳೆ ಹೊರಗೆ ಹೋದ ಬಗೆ ಗೊತ್ತಾದದ್ದು ಆಮೇಲೆ. ಮನೆಗೆ ತಿಳಿಸಲಿ ಎಂದು ವರದಿಯನ್ನು ಮಗಳು ಇದ್ದ ಹಾಸ್ಟೆಲಿನ ಕಚೇರಿಗೂ ಕಳಿಸಿದ್ದರು. ಅಲ್ಲಿನ ಗುಮಾಸ್ತ ಹೊನ್ನಾಳಿ ಕಡೆಯ ಹುಡುಗ. ನಮ್ಮ ಯಜಮಾನರು ಅಡಿಕೆ ಸುಲಿಯುವ ಯಂತ್ರ ರಿಪೇರಿ ಮಾಡುತ್ತಾರೆ. ಅವತ್ತು ಉಬ್ರಾಣಿಯಲ್ಲಿ ಕೆಲಸದ ಮೇಲಿದ್ದರು, ಫೋನು ಹತ್ತಲಿಲ್ಲ. ವರದಿಯಲ್ಲಿ ಇದ್ದದ್ದು ಅವರ ನಂಬರು ಮಾತ್ರ. ಗುಮಾಸ್ತ ಹೆಸರು, ಊರು ನೋಡಿ ನಮ್ಮವರೇ ಎಂದು ಅಂದಾಜು ಮಾಡಿದ. ವರದಿಯ ಫೋಟೋ ತೆಗೆದು, “ಚನ್ನಗಿರಿ ಕಡೆ ನಮ್ಮವರ ಹುಡುಗಿ, ತಂದೆ ಫೋನ್ ಹತ್ತುತ್ತಿಲ್ಲ, ಗೊತ್ತಿದ್ದವರು ಮನೆಗೆ ತಿಳಿಸಿ” ಎಂದು ಬರೆದು ನಮ್ಮ ಸಮಾಜದ ವಾಟ್ಸಾಪ್ ಗ್ರೂಪಿಗೆ ಹಾಕಿದ. ಅಲ್ಲಿಂದ ಅದು ಹೊನ್ನಾಳಿ, ಗೋವಿನಕೋವಿ, ನ್ಯಾಮತಿ, ಜಗಳೂರು ಎಲ್ಲ ಕಡೆ ಹೋಯಿತು. ನನ್ನ ಮನೆಯ ಬಾಗಿಲಿಗೂ ಬಂತು. ಅವನು ಹಾಗೆ ಮಾಡದಿದ್ದರೆ ಅವತ್ತು ಸಂಜೆಯವರೆಗೂ ಮಗಳ ಪಕ್ಕದಲ್ಲಿ ನಮ್ಮವರು ಒಬ್ಬರೂ ಇರುತ್ತಿರಲಿಲ್ಲ. ಅದನ್ನೂ ನಾನು ಮರೆಯುವುದಿಲ್ಲ.

ಹೊಲಿಗೆ ಬಿಚ್ಚಿಸಿದ ಮೇಲೆ ಮಗಳು, ಯಜಮಾನರು, ನಾನು ಮೂವರೂ ವಿಶ್ವವಿದ್ಯಾಲಯಕ್ಕೆ ಹೋದೆವು. ಇಂಥ ವರದಿಗಳನ್ನೆಲ್ಲ ನೋಡಿಕೊಳ್ಳಲು ಅಲ್ಲಿ ಒಬ್ಬ ಮೇಡಂ ಇದ್ದರು. ಮೊದಲು ತಪ್ಪಾಯಿತು ಎಂದರು, ಸುತ್ತಿ ಬಳಸಿ ಹೇಳಲಿಲ್ಲ. ವರದಿ ತೋರಿಸಿ ಎಂದು ಯಜಮಾನರು ಕೈ ಚಾಚಿದರು. ಮೇಡಂ ಫೈಲಿನ ಮೇಲೆ ಕೈಯಿಟ್ಟರು.

“ನಿಮ್ಮ ಮಗಳು ಹೂಂ ಅಂದ್ರೆ ತೋರಿಸ್ತೀನಿ ಸರ್. ಹದಿನೆಂಟು ದಾಟಿದವರು. ಇದು ಅವರದು.”

“ಜಗಳೂರಿನಾಗೆ ಕೂತೋರೆಲ್ಲ ಓದಿದಾರೆ ಮೇಡಂ,” ಎಂದರು ಯಜಮಾನರು. “ಹೆತ್ತ ಅಪ್ಪ ಒಬ್ಬನಿಗೆ ಕಾನೂನು ಹೇಳ್ತೀರಲ್ರೀ.”

ಮೇಡಂ ತಲೆ ತಗ್ಗಿಸಿದರು, ಆದರೆ ಕೈ ತೆಗೆಯಲಿಲ್ಲ. ಮಗಳು ಹೂಂ ಎಂದಳು. ಆಮೇಲೆ ತೋರಿಸಿದರು.

ಆ ಹಾಳೆಯನ್ನು ಯಾರು ಯಾರು ನೋಡಬೇಕು ಎಂಬುದನ್ನು ಅವರು ನಮಗೆ ಅರ್ಥವಾಗುವ ಹಾಗೆ ಬಿಡಿಸಿ ಹೇಳಿದರು. ಡಾಕ್ಟರಿಗೆ ಪೂರ್ತಿ ಬೇಕು. ಲ್ಯಾಬಿನಲ್ಲಿ ಹೀಗಾಗದಂತೆ ನೋಡಿಕೊಳ್ಳುವ ಸಮಿತಿಗೆ ಏನಾಯಿತು, ಎಲ್ಲಾಯಿತು ಎಂಬುದಷ್ಟೇ ಸಾಕು, ಹೆಸರು ಬೇಕಿಲ್ಲ. ಅದಕ್ಕೆ ಹೆಸರಿನ ಜಾಗದಲ್ಲಿ ಒಂದು ಸಂಖ್ಯೆ ಹಾಕಿ, ಕಾಯಿಲೆಯ ಸಾಲುಗಳನ್ನು ಮುಚ್ಚಿ, ಬೇರೆ ಪ್ರತಿ ಮಾಡಿದ್ದರು. ಮೂಲ ಪ್ರತಿ ಬೀಗದೊಳಗೆ ಇರುತ್ತದೆ, ಇಟ್ಟುಕೊಳ್ಳುವ ಅವಧಿ ಮುಗಿದ ಮೇಲೆ ಅದನ್ನೂ ನಾಶ ಮಾಡುತ್ತಾರಂತೆ. ಗುಮಾಸ್ತನನ್ನು ಬೇರೆ ವಿಭಾಗಕ್ಕೆ ಹಾಕಿ ವಿಚಾರಣೆ ಇಟ್ಟಿದ್ದರು. ಲ್ಯಾಬಿನ ಮೇಷ್ಟ್ರಿಗೆ ಮಾತ್ರ, ಇನ್ನೊಮ್ಮೆ ಹೀಗಾದರೆ ಏನು ಮಾಡಬೇಕೆಂದು ಗೊತ್ತಿದ್ದರೆ ಒಳ್ಳೆಯದು ಎಂದರು. “ಅವರಿಗೆ ಹೇಳಬಹುದಾ ಅಂತ ನೀನೇ ಯೋಚನೆ ಮಾಡಿ ಹೇಳು,” ಎಂದು ಮಗಳನ್ನು ಕೇಳಿದರು.

“ಹೊರಗೆ ಹೋಗಿರೋದು?” ಎಂದಳು ಮಗಳು.

“ಗ್ರೂಪಿನವರಿಗೆ ಪತ್ರ ಬರೆದಿದೀವಿ. ನಮ್ಮಲ್ಲಿರೋದನ್ನ ನಾವು ಮುಚ್ಚಬಹುದು. ಮಂದಿ ಫೋನಿನಲ್ಲಿ ಇರೋದು ನಮ್ಮ ಕೈಗೆ ಸಿಗಲ್ಲಮ್ಮ.”

ಹೊರಗೆ ಮೆಟ್ಟಿಲ ಹತ್ತಿರ ಗುಮಾಸ್ತ ನಿಂತಿದ್ದ. “ಅಕ್ಕಾರೆ, ಮನೆಯವರಿಗೆ ಗೊತ್ತಾಗ್ಲಿ ಅಂತ ಮಾಡಿದೆ. ನನ್ನ ತಂಗಿ ಆಗಿದ್ರೂ ಹಂಗೇ ಮಾಡ್ತಿದ್ದೆ,” ಎಂದ.

ನನಗೆ ಅಯ್ಯೋ ಅನ್ನಿಸಿತು. ಮಗಳು ಸಿಟ್ಟು ಮಾಡಲಿಲ್ಲ. “ಅಮ್ಮ ಬೇಕು ಅಂತ ಅಷ್ಟೇ ಹಾಕಿದ್ರೆ ಆಗ್ತಿತ್ತಣ್ಣ. ಮಾತ್ರೆ ಹೆಸರು ಯಾಕೆ ಬೇಕಿತ್ತು?” ಎಂದಳು.

ಬಸ್ಸಿನಲ್ಲಿ ಅವಳಿಗೆ ನನಗೆ ತೋಚಿದ ಬುದ್ಧಿಮಾತು ಹೇಳಿದೆ: ಎಲ್ಲರಿಗೂ ಗೊತ್ತಾಗಿಹೋಯಿತು, ಇನ್ನು ಮುಚ್ಚಿಡುವ ಕಷ್ಟವಾದರೂ ತಪ್ಪಿತಲ್ಲ.

“ಮುಚ್ಚಿಡಬೇಕು ಅಂತ ನಾನೆಲ್ಲಿ ಹೇಳ್ದೆ? ಅದು ನಾನೇ ಹೇಳಬೇಕಾದ ಮಾತಾಗಿತ್ತು. ಕಾಲೇಜಿನಲ್ಲಿ ಆ ಹಾಳೆ ಯಾರ ಫೋನಿಗೆ ಯಾವ ನೆಂಟರಿಂದ ಬಂದಿರುತ್ತೋ, ನನಗೆ ಹೆಂಗೆ ಗೊತ್ತಾಗಬೇಕು? ಅದು ಫೋನಿನಾಗಿರೋವರೆಗೂ ನಾನು ಹೋಗಲ್ಲ.”

ಮಾರನೆಯ ದಿನ ಲಿಂಗಪೂಜೆ ಮುಗಿಸಿ, ಹೊನ್ನಾಳಿ ಬಸ್ಸು ಹತ್ತಿದೆ. ಫೋನು ಮಾಡಿ ಅಳಿಸಿ ಎಂದರೆ ಯಾರೂ ಅಳಿಸುವುದಿಲ್ಲ, ಮನೆಗೆ ಹೋಗಿ ಕೂತು ಹೇಳಬೇಕು. ಹೆಂಗಸರಿಗೆ ಬಸ್ಸಿನಲ್ಲಿ ಟಿಕೆಟ್ ಇಲ್ಲದ ಕಾಲ ಇದು, ಅದೂ ಅನುಕೂಲವೇ ಆಯಿತು.

ಗ್ರೂಪು ನಡೆಸುವವರು ಹೊನ್ನಾಳಿಯಲ್ಲಿ ಬಟ್ಟೆ ಅಂಗಡಿ ಇಟ್ಟವರು. ಕೂರಿಸಿ ಟೀ ತರಿಸಿದರು. “ಎಲ್ರ ಫೋನಿಂದ ನಾನು ತೆಗಿಯಾಕೆ ಬರಲ್ಲ ತಾಯಿ, ಅಳಿಸೋ ಟೈಮ್ ಮುಗ್ದೈತೆ. ಅವರವರೇ ತೆಗೀಬೇಕು. ತಡೀರಿ, ಈಗಲೇ ಒಂದು ಮೆಸೇಜ್ ಹಾಕ್ತೀನಿ,” ಎಂದು ಟೈಪು ಮಾಡಿ, ಓದಿ ಹೇಳಿದರು. ಚನ್ನಗಿರಿಯ ಇಂಥವರ ಮಗಳು ಇಂಥವಳ ಫಿಟ್ಸ್ ಕಾಯಿಲೆಯ ವಿಷಯವನ್ನು ದಯವಿಟ್ಟು ಎಲ್ಲರೂ ಅಳಿಸಬೇಕು ಎಂದಿತ್ತು.

“ಅಣ್ಣಾ,” ಎಂದೆ, “ನೋಡದೇ ಇದ್ದೋರೂ ಈಗ ಹುಡುಕ್ತಾರೆ.”

ಅವರು ಫೋನನ್ನೂ ನನ್ನನ್ನೂ ನೋಡಿದರು. ಅಂಗಡಿಯ ಒಳಗಿಂದ ಅವರ ಹೆಂಡತಿ, “ಹಂಗೇ ಹಾಕ್ರಿ, ಒಂದು ಫೋಟೋನೂ ಅಂಟ್ಸಿ ಹಾಕ್ರಿ,” ಎಂದರು. ಕೊನೆಗೆ ಆಕೆಯೇ ಬಂದು, ಈಚೆಗೆ ಗ್ರೂಪಿಗೆ ಬಂದಿದ್ದ ಆಸ್ಪತ್ರೆ ಕಾಗದಗಳನ್ನೆಲ್ಲ ಎಲ್ಲರೂ ಅಳಿಸಬೇಕು, ಮುಂದೆ ಯಾರೂ ಇಂಥದ್ದು ಹಾಕಬಾರದು ಎಂದಷ್ಟೇ ಬರೆಸಿದರು.

ನ್ಯಾಮತಿಯಲ್ಲಿ ನಾದಿನಿ ಆಗಲೇ ತನ್ನ ಓಣಿಯ ಫೋನುಗಳನ್ನೆಲ್ಲ ನೋಡಿ ಮುಗಿಸಿದ್ದಳು. ನನ್ನ ಜೊತೆ ಗೋವಿನಕೋವಿಗೂ ಬಂದಳು. ಹೋದ ಮನೆಯಲ್ಲೆಲ್ಲ ಮಗಳ ಆರೋಗ್ಯ ವಿಚಾರಿಸಿದರು, ಅವಲಕ್ಕಿಯೋ ಮಂಡಕ್ಕಿಯೋ ಕೊಟ್ಟರು, ಫೋನು ತಂದು ಕೈಗಿಟ್ಟರು. ಯಾರೂ ಕೆಟ್ಟದಾಗಿ ಮಾತಾಡಲಿಲ್ಲ. ಹರಕೆ ಹೊತ್ತುಕೋ, ನಾಟಿ ಔಷಧಿ ಕೊಡಿಸು ಎಂದರು, ಅಷ್ಟೇ. ನಾನೂ ಹೂಂ ಎಂದು ಎದ್ದು ಬಂದೆ.

ಉಳಿದದ್ದು ಜಗಳೂರಿನ ನನ್ನ ದೊಡ್ಡವ್ವ. ಆಕೆಗೆ ವಯಸ್ಸಾಗಿದೆ, ಮಗ ಸೊಸೆಯ ಜೊತೆ ಇದ್ದಾಳೆ. ಮಾತಿನಲ್ಲಿ ಯಾರಿಗೂ ಸೋಲುವವಳಲ್ಲ. ಅಳಿಸುವುದಿಲ್ಲ ಎಂದು ಸೊಸೆಯ ಕೈಯಲ್ಲಿ ಹೇಳಿಸಿದ್ದಳು. ಅಲ್ಲಿಗೆ ಮಗಳೂ ಬರುತ್ತೇನೆ ಎಂದಳು.

ದೊಡ್ಡವ್ವ ಫೋನನ್ನು ದೇವರ ಜಗುಲಿಯ ಮೇಲೆ ಇಟ್ಟಿದ್ದಳು. ಬೆಳಿಗ್ಗೆ ಪೂಜೆಗೆ ಕೂತಾಗ ಆ ಹಾಳೆ ತೆಗೆದು, ಮಗಳ ಹೆಸರಿನಿಂದ ಮಾತ್ರೆಯ ಹೆಸರಿನವರೆಗೂ ಓದಿ, ಇಷ್ಟೂ ವಾಸಿಯಾಗಲಿ ಎಂದು ಬೇಡಿಕೊಳ್ಳುತ್ತಿದ್ದಳಂತೆ. ಮಗಳಿಗಾಗಿ ನಾನೇ ಅಷ್ಟು ಶ್ರದ್ಧೆಯಿಂದ ಬೇಡಿಕೊಂಡಿದ್ದೇನೋ ಇಲ್ಲವೋ.

“ಅಳಿಸಿದ್ರೆ ನಂಗೆ ಹೆಂಗೆ ನೆನಪಿರಬೇಕು? ಆ ಮಾತ್ರೆ ಹೆಸರು ನಾಲಿಗೆ ಮೇಲೆ ನಿಲ್ಲಲ್ಲ,” ಎಂದಳು ದೊಡ್ಡವ್ವ.

“ದೇವರಿಗೆ ಮಾತ್ರೆ ಹೆಸರು ಯಾಕೆ ದೊಡ್ಡವ್ವ?” ಎಂದೆ.

“ನೀನು ಸುಮ್ನಿರು. ಸಣ್ಣೋಳಿದ್ದಾಗಿಂದ ಎಲ್ಲಾನೂ ಮುಚ್ಚಿಡೋಳು ನೀನು. ನಿನ್ನನ್ನ ಕೇಳಾಕೆ ಹೋದ್ರೆ ಏನೂ ಇಲ್ಲ ಅಂತೀಯ. ಈ ಹಾಳೆ ಬಂದಿದ್ದಕ್ಕೆ ಗೊತ್ತಾತು.”

“ಅಜ್ಜಿ,” ಎಂದಳು ಮಗಳು, “ನನ್ನನ್ನ ಕೇಳ್ರಿ.”

ದೊಡ್ಡವ್ವ ಕೇಳಿಯೇ ಬಿಟ್ಟಳು. ನೀರು ಕಂಡರೆ ಬರುತ್ತಾ, ಬೆಂಕಿ ಕಂಡರೆ ಬರುತ್ತಾ, ಬರುವ ಮೊದಲು ಗೊತ್ತಾಗುತ್ತಾ, ಮದುವೆಯಾದರೆ ಹೋಗುತ್ತಾ. ಕೊನೆಯ ಪ್ರಶ್ನೆಗೆ ಮಗಳು ನಕ್ಕಳು. ನಿದ್ದೆಗೆಟ್ಟಾಗ, ಮಾತ್ರೆ ತಪ್ಪಿದಾಗ ಬರುವುದು ಎಂದಳು. ಆ ವಾರ ರೆಕಾರ್ಡ್ ಬರೆಯುತ್ತ ನಿದ್ದೆ ಕೆಟ್ಟಿದ್ದಳಂತೆ. ಅದನ್ನು ನನಗೂ ಹೇಳಿರಲಿಲ್ಲ. ಬಂದಾಗ ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಬೇಕು, ಬಾಯಿಗೆ ಏನೂ ಹಾಕಬಾರದು, ಕಬ್ಬಿಣದಿಂದ ಏನೂ ಆಗುವುದಿಲ್ಲ ಎಂದಳು.

“ಕಬ್ಬಿಣ ಬ್ಯಾಡ್ವಾ?” ಎಂದು ದೊಡ್ಡವ್ವ ಎರಡು ಸಲ ಕೇಳಿದಳು. ಅವಳಿಗೆ ಅದು ಅಷ್ಟು ಒಪ್ಪಿಗೆಯಾದಂತೆ ಕಾಣಲಿಲ್ಲ. ಆದರೂ ಜಗುಲಿಯಿಂದ ಫೋನು ತೆಗೆದು ಮಗಳಿಗೆ ಕೊಟ್ಟಳು. “ನೀನೇ ಅಳಿಸು. ನಿನ್ನ ಬಾಯಿಂದ ಕೇಳಿದ್ದು ಮರೆಯಲ್ಲ ನಾನು.” ಮಗಳು ಅಳಿಸಿದಳು. ಆಮೇಲೆ ದೊಡ್ಡವ್ವನ ಸೊಸೆ ರೊಟ್ಟಿ ಹಾಕಿದಳು, ಉಂಡೆವು.

ಎಲ್ಲ ಫೋನುಗಳಿಂದಲೂ ಅದು ಹೋಯಿತೆಂದು ನಾನು ಹೇಳಲಾರೆ. ಎಲ್ಲಿಯೋ ಒಂದು ಕಡೆ ಉಳಿದಿರಬಹುದು. ಮಗಳಿಗೂ ಅದು ಗೊತ್ತಿತ್ತು. ಬರುವಾಗ ಬಸ್ಸಿನಲ್ಲಿ ಅವಳೇ ಮಾತು ತೆಗೆದು, ಸೋಮವಾರ ಹೋಗುತ್ತೇನೆ ಎಂದಳು. ನಾನು ಕಾರಣ ಕೇಳಲಿಲ್ಲ. ಹಣೆಯ ವಿಭೂತಿ ಮುಟ್ಟಿ ಶಿವನನ್ನು ನೆನೆದೆ.

ಸೋಮವಾರ ನಾನೂ ಜೊತೆಗೆ ಹೋದೆ. ಮೇಡಂ, ಲ್ಯಾಬಿನ ಮೇಷ್ಟ್ರಿಗೆ ತಿಳಿಸಲು ಒಪ್ಪಿಗೆಯಾ ಎಂದು ಮತ್ತೆ ಕೇಳಿದರು.

“ನೀವು ಹೇಳಬೇಡಿ ಮೇಡಂ. ನಾನು ಹೇಳ್ತೀನಿ,” ಎಂದಳು.

ಲ್ಯಾಬಿನ ಹೊರಗೆ ಕಲ್ಲುಬೆಂಚಿನ ಮೇಲೆ ನನ್ನನ್ನು ಕೂರಿಸಿ ಒಳಗೆ ಹೋದಳು. ಬಾಗಿಲು ತೆರೆದೇ ಇತ್ತು. ಮೇಷ್ಟ್ರು ಕೈಯಲ್ಲಿದ್ದ ಸೀಸೆ ಕೆಳಗಿಟ್ಟು ಅವಳ ಮಾತು ಕೇಳುತ್ತಿರುವುದು ಕಾಣುತ್ತಿತ್ತು. ಆಮೇಲೆ ಅವಳು ಅಲ್ಲಿದ್ದ ಹುಡುಗಿಯರ ಕಡೆಗೂ ತಿರುಗಿ ಏನೋ ಹೇಳಿದಳು. ಒಬ್ಬಳು ಏನೋ ಕೇಳಿದಳು. ಇವಳು ಪಕ್ಕಕ್ಕೆ ಬಾಗಿ, ತೋಳನ್ನು ತಲೆಯ ಕೆಳಗೆ ಇಟ್ಟು, ಹೇಗೆಂದು ತೋರಿಸಿದಳು. ಮಾತು ನನ್ನವರೆಗೆ ಬರಲಿಲ್ಲ. ಕೇಳಿಸಿಕೊಳ್ಳಲು ನಾನು ಎದ್ದು ಹತ್ತಿರ ಹೋಗಲೂ ಇಲ್ಲ.

ಸ್ವಲ್ಪ ಹೊತ್ತಿಗೆ ಅವಳು ಬಿಳಿ ಕೋಟು ಹಾಕಿಕೊಂಡು ಬಾಗಿಲಿಗೆ ಬಂದಳು. “ಇನ್ನೂ ಕೂತಿದೀಯಾ? ಬಸ್ಸು ತಪ್ಪುತ್ತೆ, ಹೋಗಮ್ಮ,” ಎಂದಳು.

ನಾನು ಚೀಲ ತೆಗೆದುಕೊಂಡು ಬಸ್ ಸ್ಟಾಂಡಿನ ಕಡೆ ಹೊರಟೆ.